ದೂರದ ದಾರಿಯ ಸೈಕಲ್ ಗುರು ವೆಲೋಸಿಯೊ

ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ ಏರಿದ ಫ್ರೆಂಚ್ ಸಾಹಸಿ. ಗೇರ್‌ಗಾಗಿ ಜೀವಮಾನವಿಡೀ ಹೋರಾಟ. ಇಂದಿಗೂ ಸವಲೆನಿಸದ ಏಳು ಸೂತ್ರಗಳು

ಬೆಂಗಳೂರಿನ ಹೊರವಲಯದಲ್ಲಿ ಬೆಳಕು ಹರಿಯುವ ಮುನ್ನವೇ ಹತ್ತಾರು ಸೈಕಲ್ ಸವಾರರು ಕಲೆಯುವ ದೃಶ್ಯ ಈಚಿನ ವರ್ಷಗಳಲ್ಲಿ ಅಪರೂಪವಲ್ಲ. ತಲೆಗೆ ಹೆಲ್ಮೆಟ್, ಮೈಮೇಲೆ ಹೊಳೆಯುವ ಪಟ್ಟಿಯ ಅಂಗಿ, ಸೀಟಿನ ಕೆಳಗೆ ಪುಟ್ಟ ಚೀಲ. ಅದರಲ್ಲಿ ಎರಡು ಟ್ಯೂಬ್, ಪಂಪು, ಒಂದೆರಡು ಸ್ಪ್ಯಾನರ್, ಕಡಲೆ ಚಿಕ್ಕಿ. ಇವರು ಬ್ರೆವೆ ಎಂಬ ದೀರ್ಘದೂರದ ಸವಾರಿಗೆ ಹೊರಟವರು. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯಲ್ಲಿ, 300 ಕಿ.ಮೀ. ದೂರವನ್ನು 20 ಗಂಟೆಯಲ್ಲಿ, 400 ಕಿ.ಮೀ. ದೂರವನ್ನು 27 ಗಂಟೆಯಲ್ಲಿ, 600 ಕಿ.ಮೀ. ದೂರವನ್ನು 40 ಗಂಟೆಯಲ್ಲಿ ಪೂರೈಸಬೇಕು. ಮೊದಲು ಬಂದವರಿಗೆ ಬಹುಮಾನವಿಲ್ಲ. ಹಿಂದೆ ಸಹಾಯದ ಕಾರು ಬರುವಂತಿಲ್ಲ. ಪಂಕ್ಚರ್ ಆದರೆ ತಾವೇ ಹಾಕಿಕೊಳ್ಳಬೇಕು, ಹಸಿವಾದರೆ ದಾರಿಬದಿಯ ಹೋಟೆಲೇ ಗತಿ.

ಯಾರ ನೆರವನ್ನೂ ನೆಚ್ಚದೆ ದೂರದ ದಾರಿ ಸವೆಸುವ ಈ ವಿದ್ಯೆಗೆ ಒಬ್ಬ ಮೂಲಪುರುಷನಿದ್ದಾನೆ. ಆತನ ಹೆಸರು ಪಾಲ್ ದ ವಿವಿ. ಸೈಕಲ್ ಜಗತ್ತು ಆತನನ್ನು ಬಲ್ಲುದು ವೆಲೋಸಿಯೊ ಎಂಬ ಕಾವ್ಯನಾಮದಿಂದ. 1853ರಿಂದ 1930ರವರೆಗೆ ಬದುಕಿದ್ದ ಈ ಫ್ರೆಂಚ್ ಪ್ರಜೆ ಯಾವ ದೊಡ್ಡ ಪಂದ್ಯವನ್ನೂ ಗೆದ್ದವರಲ್ಲ, ಯಾವ ದೊಡ್ಡ ಕಾರ್ಖಾನೆಯನ್ನೂ ಕಟ್ಟಿದವರಲ್ಲ. ಆದರೂ ಇಂದು ಗೇರ್ ಇರುವ ಸೈಕಲ್ ಏರಿ ಬೆಟ್ಟ ಹತ್ತುವ ಪ್ರತಿಯೊಬ್ಬರೂ ಅವರಿಗೆ ಋಣಿಗಳು.

ರೇಷ್ಮೆಯಿಂದ ಸೈಕಲ್ಲಿಗೆ

ಪಾಲ್ ದ ವಿವಿ ಅವರ ಜನನ 1853ರ ಏಪ್ರಿಲ್ 29ರಂದು, ದಕ್ಷಿಣ ಫ್ರಾನ್ಸಿನ ವೋಕ್ಲೂಸ್ ಪ್ರಾಂತ್ಯದ ಪೆರ್ನ್ ಎಂಬ ಊರಿನಲ್ಲಿ. ಬೋಳು ನೆತ್ತಿಯ ಮೊಂ ವೆಂತೂ ಶಿಖರ ಕಣ್ಣಳತೆಯಲ್ಲಿರುವ ಬಯಲು ಸೀಮೆ ಅದು. ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯದ ಶಿಕ್ಷಣ ಪಡೆದ ಅವರು ಬದುಕಿಗಾಗಿ ಹಿಡಿದದ್ದು ರೇಷ್ಮೆ ವ್ಯಾಪಾರವನ್ನು. ವೃತ್ತಿಯ ನಿಮಿತ್ತ ನೆಲೆಸಿದ್ದು ಸೇಂಟ್ ಎಟಿಯೆನ್ ನಗರದಲ್ಲಿ. ಕಲ್ಲಿದ್ದಲು ಗಣಿ, ಬಂದೂಕು ತಯಾರಿಕೆ, ರೇಷ್ಮೆ ರಿಬ್ಬನ್ ನೇಯ್ಗೆ ಈ ಮೂರಕ್ಕೂ ಹೆಸರಾದ ಊರು ಅದು. ಬಂದೂಕಿನ ನಳಿಕೆ ಕೊರೆಯುತ್ತಿದ್ದ ಕಮ್ಮಾರರ ಕೈಗಳೇ ಮುಂದೆ ಸೈಕಲ್ ಚೌಕಟ್ಟು ಬೆಸೆಯಲು ಕಲಿತವು. ಫ್ರಾನ್ಸಿನ ಸೈಕಲ್ ಉದ್ಯಮದ ತವರು ಎಂಬ ಕೀರ್ತಿ ಕಾಲಕ್ರಮದಲ್ಲಿ ಆ ನಗರಕ್ಕೆ ಸಂದಿತು.

ಮೂವತ್ತು ತುಂಬುವ ಮೊದಲೇ ದ ವಿವಿ ಸ್ವಂತ ವ್ಯಾಪಾರದ ಒಡೆಯರಾಗಿದ್ದರು. ಮನೆ, ಸಂಸಾರ, ಸಮಾಜದಲ್ಲಿ ಗೌರವ ಎಲ್ಲವೂ ಇತ್ತು. 1881ರಲ್ಲಿ ಅವರು ಒಂದು ಸೈಕಲ್ ಕೊಂಡರು. ಅಂದಿನ ಸೈಕಲ್ ಎಂದರೆ ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಷ್ಟಗಲದ ಪುಟ್ಟ ಚಕ್ರ. ಪೆಡಲು ನೇರವಾಗಿ ಮುಂದಿನ ಚಕ್ರದ ಅಚ್ಚಿಗೇ ಜೋಡಣೆ. ಕಲ್ಲು ತಾಗಿದರೆ ಸವಾರ ಹ್ಯಾಂಡಲ್ ದಾಟಿ ಮುಗ್ಗರಿಸುವುದು ಖಚಿತ. ಆರು ಗಂಟೆಯಲ್ಲಿ 100 ಕಿ.ಮೀ. ಕ್ರಮಿಸುವ ಪಂಥವನ್ನು ಗೆಳೆಯನೊಬ್ಬ ಅವರ ಮುಂದಿಟ್ಟನೆಂದೂ, ಲಾ ಶೇಸ್ ದ್ಯೂ ಎಂಬ ಬೆಟ್ಟದೂರಿನತ್ತ ಹೊರಟು ಅದನ್ನು ಪೂರೈಸಿದರೆಂದೂ ಅವರ ಚರಿತ್ರಕಾರರು ಹೇಳುತ್ತಾರೆ. ದೂರದ ರುಚಿ ಹತ್ತಿದ್ದು ಆ ದಿನವೇ.

ಅಲ್ಲಿಂದ ಮುಂದೆ ವ್ಯಾಪಾರ ಹಿಂದಾಯಿತು, ಸೈಕಲ್ ಮುಂದಾಯಿತು. ಆ ಕಾಲದಲ್ಲಿ ಸೈಕಲ್ ತಯಾರಿಕೆಯ ಕಾಶಿ ಎಂದರೆ ಇಂಗ್ಲೆಂಡಿನ ಕೊವೆಂಟ್ರಿ. ದ ವಿವಿ ಅಲ್ಲಿಗೆ ಹೋಗಿ ಕಾರ್ಖಾನೆಗಳನ್ನು ಕಂಡು ಬಂದರು. 1887ರಲ್ಲಿ ಸೇಂಟ್ ಎಟಿಯೆನ್‌ನಲ್ಲಿ ಸೈಕಲ್ ಅಂಗಡಿ ತೆರೆದರು. ಅದೇ ವರ್ಷ ಒಂದು ಪತ್ರಿಕೆಯನ್ನೂ ಆರಂಭಿಸಿದರು. ಮೊದಲು ಪ್ರಾದೇಶಿಕ ಹೆಸರು ಹೊತ್ತಿದ್ದ ಆ ಪತ್ರಿಕೆ ಮರುವರ್ಷವೇ ‘ಲ ಸಿಕ್ಲಿಸ್ತ್’ ಎಂಬ ಸರಳ ಹೆಸರು ತಳೆಯಿತು. ಸೈಕಲ್ ಸವಾರ ಎಂದಷ್ಟೇ ಅದರ ಅರ್ಥ. ವೆಲೋಸಿಯೊ ಎಂಬ ಕಾವ್ಯನಾಮ ಜನರ ಬಾಯಲ್ಲಿ ನೆಲೆಸಿದ್ದು ಈ ಪತ್ರಿಕೆಯ ಮೂಲಕ. ರೇಷ್ಮೆ ವ್ಯಾಪಾರವನ್ನು ಅವರು ಕೈಬಿಟ್ಟರು. ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಭದ್ರವಾದ ವೃತ್ತಿಯೊಂದನ್ನು ತೊರೆದು, ಸಮಾಜ ಆಟಿಕೆ ಎಂದು ಬಗೆದಿದ್ದ ವಾಹನವನ್ನು ನೆಚ್ಚುವುದು ಸಣ್ಣ ನಿರ್ಧಾರವಾಗಿರಲಿಲ್ಲ.

ಬೆಟ್ಟ ಕಲಿಸಿದ ಪಾಠ

ಸೇಂಟ್ ಎಟಿಯೆನ್ ಸುತ್ತ ಯಾವ ದಿಕ್ಕಿಗೆ ಹೊರಟರೂ ಏರು ತಪ್ಪದು. ದಕ್ಷಿಣಕ್ಕೆ ಹೊರಟರೆ ಎದುರಾಗುವುದು 1,161 ಮೀಟರ್ ಎತ್ತರದ ಕೋಲ್ ದ ಲಾ ರೆಪುಬ್ಲಿಕ್ ಎಂಬ ಘಾಟಿ. 1903ರಲ್ಲಿ ನಡೆದ ಮೊಟ್ಟಮೊದಲ ಟೂರ್ ದ ಫ್ರಾನ್ಸ್ ಪಂದ್ಯವೂ ಈ ಘಾಟಿಯನ್ನು ದಾಟಿಯೇ ಸಾಗಿತು. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ವೆಲೋಸಿಯೊ ಪಾಲಿಗೆ ಅದು ಪ್ರಯೋಗಶಾಲೆಯಾಗಿತ್ತು.

1889ರಲ್ಲಿ ಆ ಘಾಟಿಯನ್ನು ಏದುಸಿರು ಬಿಡುತ್ತ ಹತ್ತುತ್ತಿದ್ದಾಗ ಅವರದೇ ಪತ್ರಿಕೆಯ ಓದುಗನೊಬ್ಬ ಪೈಪು ಸೇದುತ್ತ ನಿರಾಯಾಸವಾಗಿ ಅವರನ್ನು ಹಿಂದಿಕ್ಕಿ ಹೋದನೆಂಬ ಕಥೆ ಪ್ರಚಲಿತದಲ್ಲಿದೆ. ಆತನ ಸೈಕಲ್ಲಿನ ಗೇರ್ ಪ್ರಮಾಣ ಕಡಿಮೆಯಿತ್ತು. ಹಾಗಾಗಿ ಏರಿನಲ್ಲಿ ಆತನಿಗೆ ಸಲೀಸು. ಅದೇ ಸೈಕಲ್ ಸಮತಟ್ಟಾದ ದಾರಿಯಲ್ಲಿ ನಿಧಾನ. ವೆಲೋಸಿಯೊ ಸೈಕಲ್ ಸಮತಟ್ಟಿನಲ್ಲಿ ವೇಗ, ಏರಿನಲ್ಲಿ ಶಿಕ್ಷೆ. ಎರಡೂ ಗುಣ ಒಂದೇ ಸೈಕಲ್ಲಿನಲ್ಲಿ ಏಕಿರಬಾರದು ಎಂಬ ಪ್ರಶ್ನೆ ಅವರನ್ನು ಮುಂದಿನ 40 ವರ್ಷ ಬಿಡದೆ ಕಾಡಿತು.

ಇದರ ಹಿಂದಿನ ಲೆಕ್ಕ ಸರಳ. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಚಕ್ರದಲ್ಲಿರುವ ಹಲ್ಲುಚಕ್ರಕ್ಕೆ 16 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಎರಡೂಮುಕ್ಕಾಲು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 2.1 ಮೀಟರ್ ಎಂದಿಟ್ಟುಕೊಂಡರೆ ಸೈಕಲ್ ಸುಮಾರು 5.8 ಮೀಟರ್ ಮುಂದಕ್ಕೆ ಹೋಗುತ್ತದೆ. ಹಿಂದಿನದಕ್ಕೆ 22 ಹಲ್ಲಿದ್ದರೆ ಅದೇ ಒಂದು ಸುತ್ತಿಗೆ 4.2 ಮೀಟರ್ ಮಾತ್ರ. ದೂರ ಕಡಿಮೆಯಾದಷ್ಟೂ ಕಾಲಿನ ಮೇಲಿನ ಭಾರವೂ ಕಡಿಮೆ. ಬಾವಿಯಿಂದ ನೀರು ಸೇದುವಾಗ ದೊಡ್ಡ ಕೊಡದ ಬದಲು ಚಿಕ್ಕ ಬಿಂದಿಗೆ ಇಳಿಸಿದಂತೆ. ಸೇದುವ ಸಲ ಹೆಚ್ಚು, ರಟ್ಟೆಗೆ ನೋವು ಕಡಿಮೆ.

ವೆಲೋಸಿಯೊ ಮೊದಲು ಮಾಡಿದ ಏರ್ಪಾಡು ತೀರಾ ಒರಟು. ಪೆಡಲಿನ ಬಳಿ ಒಂದರ ಪಕ್ಕ ಒಂದರಂತೆ ಎರಡು ಹಲ್ಲುಚಕ್ರ. ಏರು ಬಂದಾಗ ಇಳಿದು ಚೈನನ್ನು ಕೈಯಿಂದಲೇ ಎತ್ತಿ ಚಿಕ್ಕ ಚಕ್ರದ ಮೇಲೆ ಕೂರಿಸಬೇಕು. ಬೆರಳಿಗೆಲ್ಲ ಗ್ರೀಸು. ಆದರೂ ಅವರು ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲೆಂಡಿನ ವ್ಹಿಪೆಟ್ ಸೈಕಲ್ಲಿನ ಗೇರ್ ತಂತ್ರವನ್ನು ಅಭ್ಯಾಸ ಮಾಡಿದರು. ತಮ್ಮೂರಿನ ಕುಶಲಕರ್ಮಿಗಳನ್ನು ಹುರಿದುಂಬಿಸಿದರು. ಯಾರು ಏನೇ ಹೊಸ ಸಾಧನ ತಯಾರಿಸಿದರೂ ಅದನ್ನು ಘಾಟಿಗೆ ಒಯ್ದು ಪರೀಕ್ಷಿಸಿ, ಗುಣದೋಷಗಳನ್ನು ಪತ್ರಿಕೆಯಲ್ಲಿ ಬರೆದರು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಸಾಧನ ಹೀಗೆ ಹಲವರ ಕೈಯಲ್ಲಿ ಹದಗೊಂಡಿತು. ಅದರ ಬೆನ್ನಿಗೆ ನಿಂತ ಅತ್ಯಂತ ಗಟ್ಟಿ ದನಿ ವೆಲೋಸಿಯೊ ಅವರದು.

ಟಯರಿನ ವಿಷಯದಲ್ಲೂ ಅವರ ದಾರಿ ಬೇರೆಯೇ. ತೆಳು ಟಯರೇ ವೇಗಕ್ಕೆ ಮೂಲವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಚಿಕ್ಕ ಚಕ್ರಕ್ಕೆ ದಪ್ಪ ಟಯರು ಹಾಕಿ ಸವಾರಿ ಮಾಡಿದರು. ಅಂದಿನ ಜಲ್ಲಿ ರಸ್ತೆಗಳಲ್ಲಿ ಮೈ ಕುಲುಕುವುದು ತಪ್ಪಿದರೆ ದಣಿವೂ ಕಡಿಮೆಯಾಗುತ್ತದೆ ಎಂಬುದು ಅವರ ಅನುಭವ. ಒಂದು ಶತಮಾನದ ನಂತರ ದೀರ್ಘದೂರದ ಸವಾರರು ಅಗಲ ಟಯರಿನತ್ತ ಮರಳಿರುವುದು ಗಮನಾರ್ಹ.

ಗೇರ್ ಎಂದರೆ ಅವಮಾನ!

ಇಂದು ಶಾಲಾ ಮಕ್ಕಳ ಸೈಕಲ್ಲಿಗೂ ಗೇರ್ ಬಂದಿದೆ. ಆದರೆ ಅಂದು ಗೇರ್ ಬಳಸುವುದು ಗಂಡಸುತನಕ್ಕೆ ಕುಂದು ಎಂಬ ಭಾವನೆ ಸವಾರರಲ್ಲಿ ಬೇರೂರಿತ್ತು. ಆ ಭಾವನೆಗೆ ನೀರೆರೆದವರಲ್ಲಿ ಪ್ರಮುಖರು ‘ಲೊತೊ’ ಪತ್ರಿಕೆಯ ಸಂಪಾದಕರೂ ಟೂರ್ ದ ಫ್ರಾನ್ಸ್ ಜನಕರೂ ಆದ ಆನ್ರಿ ದೆಗ್ರಾಂಜ್.

1902ರಲ್ಲಿ ಟೂರಿಂಗ್ ಕ್ಲಬ್ ದ ಫ್ರಾನ್ಸ್ ಸಂಸ್ಥೆ ಬೆಟ್ಟದ ದಾರಿಯಲ್ಲಿ ಒಂದು ಸ್ಪರ್ಧೆ ನಡೆಸಿತು. ಒಂದೇ ಗೇರ್‌ನ ಸೈಕಲ್ ಏರಿ ಬಂದವರು ಹೆಸರಾಂತ ಸ್ಪರ್ಧಿ ಎದ್ವಾರ್ ಫಿಷರ್. ಮೂರು ಗೇರ್‌ನ ಸೈಕಲ್ ಏರಿದವರು ಮಾರ್ತ್ ಎಸ್ ಎಂಬ ಮಹಿಳೆ. ಏರಿನಲ್ಲಿ ಒಮ್ಮೆಯೂ ಕಾಲು ಕೆಳಗಿಡದೆ ಮಾರ್ತ್ ಎಸ್ ಮುಂದಾದರು. ವಾದ ಇಲ್ಲಿಗೆ ಮುಗಿಯಬೇಕಿತ್ತು. ದೆಗ್ರಾಂಜ್ ಒಪ್ಪಲಿಲ್ಲ. ಗೇರ್ ಏನಿದ್ದರೂ 45 ದಾಟಿದವರಿಗೆ ಸರಿ, ಸ್ನಾಯುಬಲದಿಂದ ಗೆಲ್ಲುವುದೇ ಶ್ರೇಷ್ಠ ಎಂಬ ಧಾಟಿಯಲ್ಲಿ ಅವರು ಅದನ್ನು ಲೇವಡಿ ಮಾಡಿದರು. ಪಂದ್ಯ ಎಂಬುದು ಮನುಷ್ಯನ ಪರೀಕ್ಷೆ, ಯಂತ್ರದ್ದಲ್ಲ ಎಂಬುದು ಅವರ ನಿಲುವು.

ಆ ನಿಲುವಿಗೂ ತನ್ನದೇ ಆದ ತರ್ಕವಿತ್ತು ಎಂಬುದನ್ನು ಮರೆಯಲಾಗದು. ದೆಗ್ರಾಂಜ್‌ಗೆ ಬೇಕಿದ್ದದ್ದು ಪತ್ರಿಕೆಯ ಓದುಗರು ಬೆರಗಾಗುವಂಥ ವೀರರು. ಯಾತನೆಯೇ ಅವರ ಕಥೆಯ ತಿರುಳು. 1913ರ ಟೂರ್‌ನಲ್ಲಿ ಎಜೆನ್ ಕ್ರಿಸ್ಟೋಫ್ ಎಂಬ ಸವಾರನ ಸೈಕಲ್ಲಿನ ಮುಂದಿನ ಫೋರ್ಕ್ ಪಿರನೀಸ್ ಪರ್ವತದಲ್ಲಿ ಮುರಿದಾಗ, ಆತ ಸೈಕಲ್ ಹೊತ್ತು ಮೈಲುಗಟ್ಟಲೆ ನಡೆದು ಹಳ್ಳಿಯ ಕಮ್ಮಾರಸಾಲೆಯಲ್ಲಿ ತಾನೇ ಬೆಸುಗೆ ಹಾಕಿಕೊಳ್ಳಬೇಕಾಯಿತು. ಪರರ ನೆರವು ನಿಯಮಬಾಹಿರ. ತಿದಿ ಒತ್ತಲು ಹುಡುಗನೊಬ್ಬ ಕೈಜೋಡಿಸಿದ್ದಕ್ಕೂ ದಂಡ ಬಿತ್ತು! ಸ್ವಾವಲಂಬನೆ ಅಲ್ಲಿ ಶಿಕ್ಷೆಯ ರೂಪ ತಾಳಿತ್ತು.

ವೆಲೋಸಿಯೊಗೆ ಬೇಕಿದ್ದದ್ದು ಬೇರೆ. ಅಂಗಡಿಯ ಗುಮಾಸ್ತ, ಶಾಲೆಯ ಮೇಷ್ಟ್ರು, ಐವತ್ತು ದಾಟಿದ ಗೃಹಸ್ಥ, ಮನೆಯ ಹೆಂಗಸು ಇವರೆಲ್ಲ ಭಾನುವಾರ ಮುಂಜಾನೆ ಹೊರಟು ಬೆಟ್ಟದಾಚೆಯ ಊರು ನೋಡಿ ಸಂಜೆಗೆ ನಗುತ್ತ ಮನೆಗೆ ಬರಬೇಕು. ಅದಕ್ಕೆ ಯಂತ್ರ ಮನುಷ್ಯನಿಗೆ ಹೊಂದಿಕೊಳ್ಳಬೇಕೇ ವಿನಾ ಮನುಷ್ಯ ಯಂತ್ರಕ್ಕಲ್ಲ ಎಂದು ಅವರು ವಾದಿಸಿದರು. ಸೈಕಲ್ ಎಂಬುದು ಕೆಲವೇ ಬಲಶಾಲಿಗಳ ಸೊತ್ತಾಗಿ ಉಳಿಯುವುದೋ, ಎಲ್ಲರ ವಾಹನವಾಗುವುದೋ ಎಂಬ ಪ್ರಶ್ನೆ ಈ ಜಗಳದ ಒಡಲಲ್ಲಿತ್ತು.

ಸೇಂಟ್ ಎಟಿಯೆನ್‌ನವರೇ ಆದ ಜೊಆನಿ ಪಾನೆಲ್ 1912ರ ಟೂರ್‌ನಲ್ಲಿ ಡಿರೇಲರ್ ಬಳಸಿ ಸವಾರಿ ಮಾಡಿದರು. ಆದರೂ ಪಂದ್ಯದ ಬಾಗಿಲು ಮತ್ತೆ ಮುಚ್ಚಿತು. ಟೂರ್‌ನ ಎಲ್ಲ ಸ್ಪರ್ಧಿಗಳಿಗೂ ಡಿರೇಲರ್‌ಗೆ ಅನುಮತಿ ದೊರೆತದ್ದು 1937ರಲ್ಲಿ. ಆ ವೇಳೆಗೆ ವೆಲೋಸಿಯೊ ಕಣ್ಮುಚ್ಚಿ ಏಳು ವರ್ಷ ಕಳೆದಿತ್ತು.

ದೇಹವೆಂಬ ಒಲೆ

ವೆಲೋಸಿಯೊ ಅಂಗಡಿಯಲ್ಲಿ ಕುಳಿತು ಬರೆದವರಲ್ಲ. ಶನಿವಾರ ರಾತ್ರಿ ಹೊರಟು ಇರುಳಿಡೀ ಪೆಡಲು ತುಳಿದು ಮರುದಿನ ದೂರದ ಕಣಿವೆಯಲ್ಲಿ ಸೂರ್ಯೋದಯ ಕಾಣುವುದು ಅವರಿಗೆ ವಾಡಿಕೆ. ಈಸ್ಟರ್ ಹಬ್ಬ ಬಂತೆಂದರೆ ಚಳಿ ಹಿಡಿದ ಸೇಂಟ್ ಎಟಿಯೆನ್ ಬಿಟ್ಟು ಬಿಸಿಲ ನಾಡಾದ ಪ್ರೊವಾನ್ಸ್‌ನತ್ತ ಪಯಣ. ಗೆಳೆಯರು, ಶಿಷ್ಯರು ಜೊತೆಗೂಡುತ್ತಿದ್ದರು. ಈ ಬಳಗಕ್ಕೆ ಸೇಂಟ್ ಎಟಿಯೆನ್ ಪಂಥ ಎಂದೇ ಹೆಸರಾಯಿತು. ಡಾಂಬರು ಕಾಣದ ರಸ್ತೆ, ಮಿಣುಕು ದೀಪ, ಕೂಗಳತೆಯಲ್ಲಿ ಯಾರೂ ಇಲ್ಲದ ಘಾಟಿ. ಕೆಟ್ಟದ್ದನ್ನು ತಾನೇ ರಿಪೇರಿ ಮಾಡಿಕೊಳ್ಳಲಾಗದವನಿಗೆ ಆ ದಾರಿ ಸಾಧ್ಯವೇ ಇರಲಿಲ್ಲ.

ಸಾವಿರಾರು ಕಿ.ಮೀ. ಅನುಭವದಿಂದ ಅವರು ಸವಾರರಿಗೆಂದು ಏಳು ಸೂತ್ರಗಳನ್ನು ರೂಪಿಸಿದರು. ದೀರ್ಘದೂರದ ಸಿದ್ಧತೆಗೆ ಇಂದಿಗೂ ಅವೇ ಆಧಾರ. ಅವುಗಳ ಸಾರ ಹೀಗಿದೆ.

ಮೊದಲನೆಯದು ವಿಶ್ರಾಂತಿಯ ವಿಷಯ. ನಿಲ್ಲುವುದು ಅಪರೂಪವಾಗಿರಲಿ, ನಿಂತರೂ ಬೇಗ ಹೊರಡಬೇಕು. ಹೆಚ್ಚು ಹೊತ್ತು ಕುಳಿತರೆ ಮೈ ಆರಿ ಕಾಲು ಬಿಗಿಯುತ್ತದೆ. ಇಂದಿನ ಬ್ರೆವೆ ಸವಾರರಿಗೂ ಇದು ಅನುಭವದ ಮಾತು. ಗಂಟೆಗೆ ಒಂದೆರಡು ಕಿ.ಮೀ. ವೇಗ ಹೆಚ್ಚಿಸಿಕೊಳ್ಳಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಚಹಾ ಅಂಗಡಿಯ ಬೆಂಚಿನ ಮೇಲೆ ಕಳೆಯುವ ಅರ್ಧ ಗಂಟೆ ಉಳಿಸಲು ಮನಸ್ಸೊಂದೇ ಸಾಕು.

ಎರಡನೆಯದು ಆಹಾರ. ಹಸಿವಾಗುವ ಮುನ್ನ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು, ಒಮ್ಮೆಗೆ ಸ್ವಲ್ಪ, ಹಲವು ಬಾರಿ. ದೇಹವಿಜ್ಞಾನ ಇದನ್ನು ಬಹುಮಟ್ಟಿಗೆ ಸಮರ್ಥಿಸಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರಗೊಳ್ಳುವ ಗ್ಲೈಕೋಜೆನ್ ಪ್ರಮಾಣ ಸುಮಾರು ಅರ್ಧ ಕಿಲೋದಷ್ಟು. ಬಿರುಸಿನ ಸವಾರಿಯಲ್ಲಿ ಕೆಲವೇ ಗಂಟೆಗಳಲ್ಲಿ ಅದು ಬರಿದಾಗುತ್ತದೆ. ಬಳಿಕ ಕಣ್ಣು ಕತ್ತಲಿಟ್ಟು, ಕೈಕಾಲು ನಡುಗಿ, ಸವಾರ ರಸ್ತೆಬದಿಯಲ್ಲಿ ಕುಸಿಯುತ್ತಾನೆ. ಅದಕ್ಕೇ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಅಂಶ ಹೊಟ್ಟೆ ಸೇರಬೇಕೆಂಬುದು ತಜ್ಞರ ಸಾಮಾನ್ಯ ಸಲಹೆ. ಬಾಳೆಹಣ್ಣು, ಬೆಲ್ಲ, ಇಡ್ಲಿ ಯಾವುದಾದರೂ ಆದೀತು. ನೀರಿನ ವಿಷಯದಲ್ಲಿ ಮಾತ್ರ ಇಂದಿನ ವೈದ್ಯರು ಒಂದು ಎಚ್ಚರಿಕೆ ಸೇರಿಸುತ್ತಾರೆ. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ನೀರಿನ ಜೊತೆ ಉಪ್ಪೂ ಇರಲಿ, ಮಿತಿಯೂ ಇರಲಿ.

ಮೂರನೆಯದು ದಣಿವಿನ ಎಲ್ಲೆ. ಊಟ ಸೇರದಷ್ಟು, ನಿದ್ದೆ ಬಾರದಷ್ಟು ದಣಿಯಬಾರದು. ಈ ಎರಡು ಲಕ್ಷಣ ಕಂಡರೆ ಸವಾರ ತನ್ನ ಗೆರೆ ದಾಟಿದ್ದಾನೆಂದೇ ಅರ್ಥ. ಹೃದಯ ಬಡಿತ ಅಳೆಯುವ ಕೈಗಡಿಯಾರಗಳಿಲ್ಲದ ಕಾಲದಲ್ಲಿ ಹೊಟ್ಟೆ ಮತ್ತು ನಿದ್ದೆಯನ್ನೇ ಮಾಪಕವಾಗಿಸಿದ ಜಾಣ್ಮೆ ಇದು.

ನಾಲ್ಕನೆಯದು ಉಡುಪು. ಚಳಿಯಾಗುವ ಮೊದಲೇ ಹೊದೆಯಬೇಕು, ಸೆಕೆಯಾಗುವ ಮೊದಲೇ ತೆಗೆಯಬೇಕು. ಗಾಳಿ, ಬಿಸಿಲು, ನೀರಿಗೆ ಮೈಯೊಡ್ಡಲು ಅಂಜಬಾರದು. ಘಾಟಿ ಹತ್ತುವಾಗ ಬೆವರಿನಿಂದ ತೊಯ್ದ ಅಂಗಿ ಇಳಿಜಾರಿನ ಗಾಳಿಗೆ ಮಂಜುಗಡ್ಡೆಯಾಗುವುದನ್ನು ಬಲ್ಲವರಿಗಷ್ಟೇ ಈ ಸೂತ್ರದ ಬೆಲೆ ಗೊತ್ತು. ನೆತ್ತಿಯಲ್ಲಿ ಒಂದು ನಿಮಿಷ ನಿಂತು ಜಾಕೆಟ್ ತೊಟ್ಟವನು ಬುಡದಲ್ಲಿ ನಡುಗುವುದಿಲ್ಲ.

ಐದನೆಯದು ಪಥ್ಯ. ಸವಾರಿಯ ಕಾಲದಲ್ಲಾದರೂ ಮದ್ಯ, ಮಾಂಸ, ತಂಬಾಕು ವರ್ಜ್ಯ. ದ್ರಾಕ್ಷಾರಸವಿಲ್ಲದೆ ಊಟವಿಲ್ಲ ಎನ್ನುವ ನಾಡಿನಲ್ಲಿ, ಸ್ಪರ್ಧಿಗಳೇ ವೈನ್ ಕುಡಿದು ಓಟಕ್ಕಿಳಿಯುತ್ತಿದ್ದ ದಿನಗಳಲ್ಲಿ ಇದನ್ನು ಹೇಳಲು ಎದೆಗಾರಿಕೆ ಬೇಕಿತ್ತು. ಸ್ವತಃ ವೆಲೋಸಿಯೊ ಸಸ್ಯಾಹಾರಿಯಾಗಿದ್ದರು. ಮಾಂಸದ ಬಗೆಗಿನ ಅವರ ಅಭಿಪ್ರಾಯವನ್ನು ಇಂದು ಎಲ್ಲರೂ ಒಪ್ಪಲಿಕ್ಕಿಲ್ಲ. ಮದ್ಯ, ತಂಬಾಕಿನ ವಿಷಯದಲ್ಲಿ ಎರಡು ಮಾತಿಲ್ಲ.

ಆರನೆಯದು ಸಂಯಮ. ಮೊದಲ ಕೆಲವು ಗಂಟೆ ಮೈಯಲ್ಲಿ ಕಸುವು ಉಕ್ಕುತ್ತಿರುತ್ತದೆ. ಆಗಲೇ ಅದನ್ನು ಬಿಗಿಹಿಡಿಯಬೇಕು. 300 ಕಿ.ಮೀ. ದಾರಿಯ ಕೊನೆಯ 50 ಕಿ.ಮೀ. ಹೇಗಿರುತ್ತದೆ ಎಂಬುದು ಮೊದಲ 50 ಕಿ.ಮೀ.ಯಲ್ಲೇ ತೀರ್ಮಾನವಾಗುತ್ತದೆ.

ಏಳನೆಯದು ಅಹಂಕಾರ. ಯಾರನ್ನೋ ಮೆಚ್ಚಿಸಲು, ಯಾರನ್ನೋ ಹಿಂದಿಕ್ಕಲು ಪೆಡಲು ತುಳಿಯಬಾರದು. ಉಳಿದ ಆರು ಸೂತ್ರಗಳು ಮುರಿಯುವುದು ಬಹುತೇಕ ಈ ಏಳನೆಯದು ಮುರಿದಾಗಲೇ. ಪಕ್ಕದವನು ಮುಂದೆ ಹೋದನೆಂದು ವೇಗ ಹೆಚ್ಚಿಸುವವನು ತಿನ್ನಲು ಮರೆಯುತ್ತಾನೆ, ಜಾಕೆಟ್ ತೊಡಲು ಮರೆಯುತ್ತಾನೆ, ಗೇರ್ ಇಳಿಸಲು ನಾಚುತ್ತಾನೆ. ಗೇರ್ ವಿರೋಧಿಗಳೊಡನೆ ನಡೆಸಿದ ದೀರ್ಘ ಜಗಳದ ಸಾರವೇ ಈ ಸೂತ್ರದಲ್ಲಿ ಇಳಿದಿದೆ ಎಂದರೆ ತಪ್ಪಾಗದು.

ಋಷಿಸದೃಶ ದಿನಚರಿ

ವೆಲೋಸಿಯೊ ಅವರದು ಕಟ್ಟುನಿಟ್ಟಿನ ಬದುಕು. ಮುಂಜಾನೆ ಬೇಗ ಏಳುವುದು, ಗ್ರೀಕ್ ಗ್ರಂಥಗಳ ಅಧ್ಯಯನ, ಬಳಿಕ ಪತ್ರಿಕೆ ಮತ್ತು ಅಂಗಡಿಯ ಕೆಲಸ. ನಾಡಭಾಷೆಗಳ ಗೋಡೆ ಮೀರಿ ಜನ ಒಂದಾಗಲೆಂದು ರೂಪುಗೊಂಡ ಎಸ್ಪೆರಾಂಟೊ ಭಾಷೆಯಲ್ಲೂ ಅವರಿಗೆ ಆಸಕ್ತಿ. ಪತ್ರಿಕೆಯ ಪುಟಗಳಲ್ಲಿ ಓದುಗರು ತಮ್ಮ ಸವಾರಿಗಳ ವಿವರ ಬರೆಯುತ್ತಿದ್ದರು, ಹೊಸ ಗೇರ್‌ಗಳ ಚರ್ಚೆ ನಡೆಯುತ್ತಿತ್ತು, ಸಂಪಾದಕರು ತಮಗಿಂತ ಭಿನ್ನ ಅಭಿಪ್ರಾಯಕ್ಕೂ ಜಾಗ ಕೊಡುತ್ತಿದ್ದರು. ಅವರು ತೀರಿಕೊಂಡ ನಂತರವೂ ಆ ಪತ್ರಿಕೆ ದಶಕಗಳ ಕಾಲ ಮುಂದುವರಿಯಿತು.

ಅವರ ಅಭಿಮಾನಿಗಳು 1922ರಲ್ಲಿ ಕೋಲ್ ದ ಲಾ ರೆಪುಬ್ಲಿಕ್ ಘಾಟಿಯನ್ನು ಒಟ್ಟಾಗಿ ಹತ್ತುವ ವೆಲೋಸಿಯೊ ದಿನಾಚರಣೆಯನ್ನು ಆರಂಭಿಸಿದರು. ಬದುಕಿರುವಾಗಲೇ ಸಂದ ಗೌರವ ಅದು. ಎಪ್ಪತ್ತರ ಅಂಚಿನಲ್ಲಿದ್ದ ವೆಲೋಸಿಯೊ ಇನ್ನೂ ಸೈಕಲ್ ಬಿಟ್ಟಿರಲಿಲ್ಲ. ದೀರ್ಘದೂರದ ಸವಾರಿ ಯೌವನದ ಸೊಕ್ಕಿನಿಂದ ಆಗುವಂಥದಲ್ಲ, ಲೆಕ್ಕಾಚಾರದಿಂದ ಆಗುವಂಥದು ಎಂಬುದಕ್ಕೆ ಅವರ ಮೈಯೇ ಸಾಕ್ಷಿಯಾಗಿತ್ತು.

ಬ್ರೆವೆ ಬೆಳೆದ ಬಗೆ

ವೆಲೋಸಿಯೊ ಬ್ರೆವೆ ಪದ್ಧತಿಯನ್ನು ಸ್ಥಾಪಿಸಿದವರಲ್ಲ. ಅದರ ಬೇರು ಇಟಲಿಯಲ್ಲಿದೆ. 1897ರ ಜೂನ್‌ನಲ್ಲಿ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ವರೆಗಿನ 230 ಕಿ.ಮೀ. ದೂರವನ್ನು ಸೂರ್ಯೋದಯ ಮತ್ತು ಸೂರ್ಯಾಸ್ತದ ನಡುವೆ ಕ್ರಮಿಸಿದರು. ದಿಟ್ಟ ಎಂಬ ಅರ್ಥದ ಆಡಾಕ್ಸ್ ಎಂಬ ಹೆಸರು ಅವರಿಗೆ ಬಂತು. ಅದನ್ನು 1904ರಲ್ಲಿ ಫ್ರಾನ್ಸಿಗೆ ತಂದವರು ಮತ್ತಾರೂ ಅಲ್ಲ, ಗೇರ್ ವಿರೋಧಿ ದೆಗ್ರಾಂಜ್! ಅವರ ಪದ್ಧತಿಯಲ್ಲಿ ನಾಯಕನ ಹಿಂದೆ ಎಲ್ಲರೂ ಒಂದೇ ವೇಗದಲ್ಲಿ ಗುಂಪಾಗಿ ಸಾಗಬೇಕಿತ್ತು.

1921ರಲ್ಲಿ ದೆಗ್ರಾಂಜ್ ಮತ್ತು ಆಡಾಕ್ಸ್ ಕ್ಲಬ್ ಪಾರಿಸಿಯೆನ್ ನಡುವೆ ಮನಸ್ತಾಪ ಬಂತು. ಆ ಕ್ಲಬ್ಬು ಬೇರೆ ದಾರಿ ಹಿಡಿದು, ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಸಾಗುವ ಬ್ರೆವೆಗಳನ್ನು ಆರಂಭಿಸಿತು. ಇಂದು ಬೆಂಗಳೂರು, ಪುಣೆ, ದೆಹಲಿಗಳಲ್ಲಿ ನಡೆಯುವುದು ಈ ಪದ್ಧತಿಯ ಬ್ರೆವೆಗಳೇ. ಅವರವರ ಶಕ್ತಿಗೆ ತಕ್ಕ ವೇಗ ಎಂಬ ತತ್ವದಲ್ಲಿ ವೆಲೋಸಿಯೊ ಚಿಂತನೆಯ ಛಾಯೆ ನಿಚ್ಚಳವಾಗಿದೆ. 1891ರಲ್ಲಿ ವೃತ್ತಿಪರರ ಪಂದ್ಯವಾಗಿ ಆರಂಭಗೊಂಡ ಸುಮಾರು 1,200 ಕಿ.ಮೀ.ಗಳ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯಲ್ಲಿ 1931ರಿಂದ ಈ ಹವ್ಯಾಸಿಗಳಿಗೂ ಜಾಗ ದೊರೆಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದರ ಗರಿಷ್ಠ ಕಾಲಮಿತಿ 90 ಗಂಟೆ. 2023ರ ಆವೃತ್ತಿಯಲ್ಲಿ ಭಾರತದ ಸವಾರರೂ ಪಾಲ್ಗೊಂಡಿದ್ದರು.

ಕೊನೆಯ ದಿನ

1930ರ ಫೆಬ್ರುವರಿ 27. ವೆಲೋಸಿಯೊ ಅವರಿಗೆ ಆಗ 76 ವರ್ಷ. ಅಂದು ಬೆಳಿಗ್ಗೆ ಅವರು ಓದಿದ್ದು ಸಾವಿನ ಕುರಿತ ತತ್ವಜ್ಞಾನಿ ಸೆನೆಕನ ಪತ್ರವನ್ನು ಎಂದು ಪ್ರತೀತಿ. ಸೇಂಟ್ ಎಟಿಯೆನ್ ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆದು ಹೋಗುತ್ತಿದ್ದಾಗ ಎದುರಾದ ಕಾರಿನಿಂದ ತಪ್ಪಿಸಿಕೊಳ್ಳಲು ಹಿಂದೆ ಸರಿದರು. ಆಗ ಟ್ರಾಮ್ ಬಡಿಯಿತು. ನಿರ್ಜನ ಘಾಟಿಗಳಲ್ಲಿ ನಡುರಾತ್ರಿ ಸವಾರಿ ಮಾಡಿಯೂ ಸುರಕ್ಷಿತವಾಗಿ ಮನೆ ಸೇರುತ್ತಿದ್ದ ಹಿರಿಯ ಜೀವ, ತನ್ನೂರಿನ ಬೀದಿಯಲ್ಲಿ ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದಾಗ ಅಪಘಾತಕ್ಕೆ ಈಡಾಯಿತು. ಲಿಯೋನ್ ನಗರದ ಲೊಆಯಾಸ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರ ನೆಚ್ಚಿನ ಘಾಟಿಯ ಮೇಲೆ ಸ್ಮಾರಕವೊಂದು ನಿಂತಿದೆ.

ಆಡಾಕ್ಸ್ ಕ್ಲಬ್ ಪಾರಿಸಿಯೆನ್ 1947ರಲ್ಲಿ ಅವರ ಹೆಸರಿನಲ್ಲೇ ಫ್ಲೆಶ್ ವೆಲೋಸಿಯೊ ಎಂಬ ಈಸ್ಟರ್ ಸವಾರಿಯನ್ನು ಆರಂಭಿಸಿತು. ಮೂರರಿಂದ ಐದು ಸೈಕಲ್ಲುಗಳ ತಂಡ 24 ಗಂಟೆಯಲ್ಲಿ ಕನಿಷ್ಠ 360 ಕಿ.ಮೀ. ಸಾಗಬೇಕು. ಎಲ್ಲಿಯೂ ಎರಡು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಬೇರೆ ಬೇರೆ ದಿಕ್ಕಿನಿಂದ ಬಾಣಗಳಂತೆ ಹೊರಟ ತಂಡಗಳು ಪ್ರೊವಾನ್ಸ್‌ನಲ್ಲಿ ಬಂದು ಕೂಡುತ್ತವೆ. ವೆಲೋಸಿಯೊ ತಮ್ಮ ಗೆಳೆಯರೊಡನೆ ವರ್ಷ ವರ್ಷವೂ ಸಾಗುತ್ತಿದ್ದ ಅದೇ ಬಿಸಿಲ ನಾಡು.

ಬ್ರೆವೆಗೆ ಸಿದ್ಧರಾಗುವ ಹೊಸಬರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಸೈಕಲ್, ಎಷ್ಟು ಬೆಲೆ ಎಂದು. ಹಳಬರು ಹೇಳುವುದು ಬೇರೆ. ನಿಮ್ಮ ಮೈಗೆ ಒಗ್ಗುವ ಸೈಕಲ್, ನಂದಿಬೆಟ್ಟದ ಏರನ್ನು ಕುಳಿತೇ ಹತ್ತಬಲ್ಲ ಕೆಳ ಗೇರ್, ಎರಡು ದೀಪ, ಪಂಕ್ಚರ್ ಹಾಕಲು ಕಲಿತ ಕೈ, ತಿಂಗಳಿಂದ ತಿಂಗಳಿಗೆ ಮೆಲ್ಲನೆ ಹೆಚ್ಚಿಸಿಕೊಂಡ ದೂರ. ಜೇಬಿನಲ್ಲಿ ತಿನಿಸು, ಮನಸ್ಸಿನಲ್ಲಿ ತಾಳ್ಮೆ. ನಿದ್ದೆ ಒತ್ತರಿಸಿ ಬಂದರೆ ಹಟ ಹಿಡಿಯದೆ ಮಲಗುವ ವಿವೇಕ. ಇಷ್ಟಾದರೆ 200 ಕಿ.ಮೀ. ಸಾಮಾನ್ಯ ಆರೋಗ್ಯವಿರುವ ಯಾರಿಗೂ ದೂರವಲ್ಲ. ಫ್ರೆಂಚ್ ಭಾಷೆಯ ಗಂಧವಿಲ್ಲದವರೂ ಹೇಳುವ ಈ ಕಿವಿಮಾತುಗಳಲ್ಲಿ ಮಾತನಾಡುತ್ತಿರುವುದು ಸೇಂಟ್ ಎಟಿಯೆನ್‌ನ ಆ ಹಳೆಯ ಅಂಗಡಿಕಾರರೇ.